ನೀರಂಚಿನ ಕಲ್ಲು

ಹೆತ್ತೂರಿನ ಕಡೆಯ ಆ ಎಸ್ಟೇಟಿನಲ್ಲಿ ಮಕ್ಕಳು ಹಳ್ಳಕ್ಕೆ ಇಳಿಯುವ ಮೊದಲು ನೀರಂಚಿಗೊಂದು ಕಲ್ಲಿಡುತ್ತಾರೆ. ಮೇಲೆ ಗುಡ್ಡದಲ್ಲಿ ಮಳೆ ಸುರಿದರೆ ಕೆಳಗೆ ಬಿಸಿಲಿದ್ದರೂ ಹಳ್ಳ ಏರುತ್ತದೆ. ಕಲ್ಲು ನೆನೆಯಿತೋ, ಎಲ್ಲರೂ ದಡ ಹತ್ತಬೇಕು. ರಶ್ಮಿತಾಳಿಗೆ ಇದನ್ನು ಕಲಿಸಿದವನು ಅವಳ ತಾತ ಚಲುವಯ್ಯ. ಹನ್ನೊಂದು ವರ್ಷದ ಅವಳು ಈಗ ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆಲ್ಲ ಯಜಮಾನಿ. ಅವಳು ಕಲ್ಲಿಡದೆ ಯಾರೂ ನೀರು ಮುಟ್ಟುವಂತಿರಲಿಲ್ಲ.

ಕಾಫಿ ಕುಯ್ಲು ಮುಗಿದ ಮೇಲೆ ಲೈನಿನವರೆಲ್ಲ ವ್ಯಾನ್ ಮಾಡಿಕೊಂಡು ಘಾಟಿ ಇಳಿದು ಸಮುದ್ರ ನೋಡಲು ಹೋದರು. ದಡದಲ್ಲಿ ಬಲೆ ಹೊಲಿಯುತ್ತಿದ್ದವನೊಬ್ಬ ತಲೆಯೆತ್ತಿ, "ನೀರಿಗೆ ಇಳೀಬೇಡಿ ಮಾರಾಯ್ರೆ, ಇವತ್ತು ಕಡಲು ಸರಿ ಇಲ್ಲ" ಎಂದ. ಅವ್ವ ಲಕ್ಷ್ಮಿ ಬುತ್ತಿ ಬಿಚ್ಚಲು ಮರದ ನೆರಳಿಗೆ ಹೋಗುತ್ತ, "ತಮ್ಮನ್ನ ನೋಡ್ಕೊಳ್ಳೇ" ಎಂದಳು.

ರಶ್ಮಿತಾ ಆರು ವರ್ಷದ ಗಗನ್‌ನ ಕಿವಿಯಲ್ಲಿ ನಕ್ಕಳು. "ಪಾಪ, ಅವ್ನು ನಮ್ಮ ಹಳ್ಳ ನೋಡಿಲ್ಲ." ತೆರೆ ಬಂದು ನಿಲ್ಲುವ ಜಾಗ ನೋಡಿ, ಅದರ ಮೇಲಕ್ಕೆ ಒಂದು ಕಲ್ಲಿಟ್ಟಳು. "ಇದು ನೆನೆಯೋಗಂಟ ಏನೂ ಆಗಲ್ಲ ಕಣೋ. ಇಲ್ಲೇ ಆಡ್ಕೊ." ಪಾದ ಮುಳುಗುವ ನೀರಲ್ಲಿ ಅವನನ್ನು ನಿಲ್ಲಿಸಿ, ಕಡಲಿಗೆ ಬೆನ್ನು ಹಾಕಿ ಚಿಪ್ಪು ಆರಿಸತೊಡಗಿದಳು.

ಹಳ್ಳ ಏರುವಾಗ ಬೆರಳು ಬೆರಳಾಗಿ ಏರುತ್ತದೆ. ಕಡಲು ಹಾಗೆ ಮಾಡಲಿಲ್ಲ. ಹತ್ತಾರು ತೆರೆ ಕಲ್ಲಿನ ಹತ್ತಿರಕ್ಕೂ ಬರಲಿಲ್ಲ. ಆಮೇಲೆ ಬಂದ ಒಂದೇ ಒಂದು, ಕಲ್ಲನ್ನೂ ಗಗನ್‌ನನ್ನೂ ಒಟ್ಟಿಗೇ ಎಳೆದುಕೊಂಡಿತು. ತೆರೆಯ ಹೊಡೆತಕ್ಕೆ ರಶ್ಮಿತಾ ಮಂಡಿಯೂರಿ ಬಿದ್ದಳು. ಬಲೆಯವನು ಓಡಿಬಂದು, ಎದೆಮಟ್ಟದ ನೀರಿಗಿಳಿದು, ಹುಡುಗನ ಅಂಗಿ ಹಿಡಿದು ಎಳೆದು ತಂದ.

ಲಕ್ಷ್ಮಿ ಎದ್ದುಬಿದ್ದು ಓಡಿಬಂದಳು. "ನೀರಿಗ್ಯಾಕೋ ಇಳಿದೆ?"

ಗಗನ್ ಉಪ್ಪುನೀರು ಕಾರುತ್ತ, "ಕಲ್ಲಿತ್ತಲ್ಲವ್ವ..." ಎಂದ.

ಅಷ್ಟೇ ಸಾಕಾಯಿತು. ಲಕ್ಷ್ಮಿ, ದಡದ ಆ ಕಡೆಯಿಂದ ಓಡಿಬಂದಿದ್ದ ಚಲುವಯ್ಯನ ಕಡೆ ತಿರುಗಿದಳು. "ಮಾವ, ನಿಮ್ಮ ಕಲ್ಲಿನ ಹುಚ್ಚು ಇಲ್ಲಿಗೂ ತಂದ್ರಾ? ಮಗ ಹೋಗ್ಬುಟ್ಟಿದ್ರೆ?"

ಮುದುಕ ಮೊಮ್ಮಗಳನ್ನು ಒಂದು ಸಲ ನೋಡಿದ. "ತಪ್ಪಾಯ್ತು ಕಣವ್ವ" ಎಂದ.

ರಶ್ಮಿತಾ ಬಾಯಿ ತೆರೆದಳು. ಆಮೇಲೆ ಬಗ್ಗಿ ಗಗನ್‌ನ ಅಂಗಿ ಹಿಂಡತೊಡಗಿದಳು.

ವ್ಯಾನಿನಲ್ಲಿ ತಾತ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತಿದ್ದ, ಒಂದೇ ಕಾಲಿಗೆ ಚಪ್ಪಲಿ. "ಇನ್ಮೇಲೆ ಮಕ್ಳನ್ನ ಹಳ್ಳಕ್ಕೆ ಕರ್ಕೊಂಡು ಹೋಗೋದು ಬ್ಯಾಡ ಮಾವ" ಎಂದಳು ಲಕ್ಷ್ಮಿ. ಅವನು ತಲೆಯಾಡಿಸಿದ. ಘಾಟಿ ಹತ್ತುವಷ್ಟು ಹೊತ್ತೂ ರಶ್ಮಿತಾ ಲಂಗದ ಮರಳು ಕೊಡವುತ್ತ ತಲೆ ತಗ್ಗಿಸಿಯೇ ಕೂತಿದ್ದಳು. ಬಲೆಯವನಿಗೆ ಒಂದು ಮಾತೂ ಹೇಳದೆ ಬಂದದ್ದು ಹಾನುಬಾಳು ದಾಟಿದ ಮೇಲೆ ನೆನಪಾಯಿತು.

ಭಾನುವಾರ ಬಂತು. ಚಲುವಯ್ಯ ಎಂದಿನಂತೆ ಮಕ್ಕಳ ಜೊತೆ ಹಳ್ಳಕ್ಕೆ ಹೊರಡಲು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ. ಏನೋ ನೆನಪಾದವನಂತೆ ಅದನ್ನು ಮಡಚಿ ಪಕ್ಕಕ್ಕಿಟ್ಟು ಜಗಲಿಯಲ್ಲೇ ಕೂತ. ಹೊರಗೆ ಮಕ್ಕಳು, "ಯಜಮಾನಿ, ಕಲ್ಲಿಡು ಬಾರೇ!" ಎಂದು ಕೂಗುತ್ತಿದ್ದರು.

ರಶ್ಮಿತಾ ಒಲೆಯ ಮುಂದೆ ಹೋಗಿ ನಿಂತಳು. "ಅವ್ವ, ಕಲ್ಲಿಟ್ಟಿದ್ದು ನಾನು. ಗಗನ್‌ನ ನಿಲ್ಸಿದ್ದೂ ನಾನೇ."

ಲಕ್ಷ್ಮಿಯ ಕೈಯ ಸೌಟು ನಿಂತಿತು. "ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ? ಹೊಡೀತೀನಿ ಅಂತಾನಾ?"

"ಇಲ್ಲ. ತಾತ ತಪ್ಪಾಯ್ತು ಅಂದ್ಬುಟ್ಟ. ಆಮೇಲೆ ಹೇಳಕ್ಕೆ ನಾಚ್ಕೆ ಆಯ್ತು."

ಲಕ್ಷ್ಮಿ ಹೊಡೆಯಲಿಲ್ಲ. ಜಗಲಿಗೆ ಬಂದು, "ಮಾವ, ನೀವಾದ್ರೂ ಹೇಳ್ಬಾರ್ದಿತ್ತಾ?" ಎಂದಳು. ದನಿ ಕುಗ್ಗಿತ್ತು.

"ಏನಂತ ಹೇಳಾನವ್ವ? ನಾನೂ ಆ ಕಡೆ ಒಂದು ಕಲ್ಲಿಟ್ಟು ಕಾಲು ತೊಳೀತಿದ್ದೆ. ಕಲ್ಲೂ ಹೋಯ್ತು, ಚಪ್ಪಲೀನೂ ಹೋಯ್ತು."

ಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಟವೆಲ್ ಎತ್ತಿ ಅವನ ಹೆಗಲಿಗೆ ಹಾಕಿದಳು. ರಶ್ಮಿತಾ ಮಾತ್ರ ನಗಲಿಲ್ಲ. ಅಂದು ಹಳ್ಳದಲ್ಲಿ ಕಲ್ಲಿಟ್ಟಳು, ಆದರೆ ನೀರಿಗಿಳಿಯಲಿಲ್ಲ. ಕೊನೆಯ ಮಗು ದಡ ಹತ್ತುವವರೆಗೂ ಗುಡ್ಡದ ಕಡೆ ಕಣ್ಣಿಟ್ಟು ಕೂತಿದ್ದಳು.