ಮಂಜು ಹಿಡಿದ ಕಿಟಕಿಯ ದೋಣಿ-ವಿಮಾನ

ಹಲೋ. ಕೆಂಪು ಚುಕ್ಕೆ ಕಾಣ್ತಿದೆ, ಅಂದ್ರೆ ರೆಕಾರ್ಡ್ ಆಗ್ತಿದೆ ಅಲ್ವಾ? ಕಥೆ ಎಲ್ಲಿಂದ ಶುರು ಮಾಡ್ಲಿ? ಯುದ್ಧದಿಂದ ಶುರು ಮಾಡಿದ್ರೆ ನೀವು ಫೋನ್ ಪಕ್ಕಕ್ಕಿಟ್ಟು ಸ್ನಾನಕ್ಕೆ ಹೋಗ್ತೀರಿ. ಹೋಗ್ಲಿ, ಕಪಾಟಿಂದ ಶುರು ಮಾಡ್ತೀನಿ.

೧. ಒಬ್ಬ ವಾಚ್ ರಿಪೇರಿಯವನು. ಒಂಟಿ. ಅಂಗಡಿ ಹಿಂದಿನ ರೂಮಲ್ಲಿ ಕಪಾಟಿನ ತುಂಬ ಇವನೇ ಅಂಟಿಸಿ ಜೋಡಿಸಿದ ಪುಟ್ಟ ಪ್ಲಾಸ್ಟಿಕ್ ವಿಮಾನಗಳು. ಎಲ್ಲಾ ಎರಡನೇ ಮಹಾಯುದ್ಧದ ಜರ್ಮನ್ನರವು, ಎಲ್ಲಾ ನೀರಿಗೆ ಇಳಿಯೋವು. ಹೊಟ್ಟೆ ದೋಣಿದು, ರೆಕ್ಕೆ ವಿಮಾನದ್ದು. (ಬಾಲಕ್ಕೆ ಅಂಟಿಸೋ ಆ ಕೆಟ್ಟ ನಾಜಿ ಗುರುತಿನ ಸ್ಟಿಕರ್ ಮಾತ್ರ ನೇರ ಕಸದ ಬುಟ್ಟಿಗೆ.)

೨. ಮೂರು ಎಂಜಿನ್ನಿನ ಡಾರ್ನಿಯರ್ ವಿಮಾನ ಒಂದು ಜೋಡಿಸ್ತಾ ಅರ್ಧಕ್ಕೇ ನಿಂತಿತ್ತು. ಯುದ್ಧದಲ್ಲಿ ಸಮುದ್ರಕ್ಕೆ ಬಿದ್ದೋರನ್ನ ಎತ್ಕೊಂಡು ಬರ್ತಿದ್ದ ವಿಮಾನ ಅದು. ಅದರೊಳಗಿನ ಬೊಂಬೆ ಪೈಲಟ್‌ಗೆ ಬಣ್ಣ ಹಚ್ಚಿದ್ದು ಇವನ ತಂಗಿ, ಚಿಕ್ಕೋಳಿದ್ದಾಗ. ಅಕ್ಕಿಕಾಳಿನಷ್ಟು ಮುಖ, ಅದಕ್ಕೊಂದು ಮೀಸೆ ಬೇರೆ. ದೊಡ್ಡೋರಾದ್ಮೇಲೆ ಅಣ್ಣ ತಂಗಿ ಮಾತು ಬಿಟ್ರು. (ಯಾಕೆ ಅಂತ ಎರಡು ಸಲ ಹೇಳಿ ಅಳಿಸ್ದೆ. ಸೀರಿಯಲ್ ಥರ ಆಗ್ತಿತ್ತು.)

೩. ಮೊನ್ನೆ ಅವಳೇ ಫೋನ್ ಮಾಡಿದ್ಲು.

"ನನ್ನ ಮೀಸೆಯವನು ಇನ್ನೂ ಇದಾನೇನೋ ಅಣ್ಣ?"

"ಇದಾನೆ. ಬಾ, ನೋಡುವಂತೆ."

"ಭಾನುವಾರ ಬರ್ತೀನಿ."

ಗಡಿಬಿಡಿಲಿ ಮೀಸೆಯವನನ್ನ ಕೂರಿಸಿ, ಅವನ ಮುಂದಿನ ಗಾಜಿನಂಥ ಕಿಟಕಿಗೆ ಸೂಪರ್ ಗ್ಲೂ ಹಾಕ್ಬಿಟ್ಟ. ಈ ಹುಚ್ಚಿರೋರಿಗೆಲ್ಲ ಗೊತ್ತು, ಆ ಅಂಟಿನ ಹಬೆಗೆ ಕಿಟಕಿ ಒಳಗಿಂದ ಬೆಳ್ಳಗಾಗತ್ತೆ. ಒಳಗೆ ಕೈ ಹೋಗಲ್ಲ, ಒರೆಸಕ್ಕಾಗಲ್ಲ. ಮೀಸೆಯವನು ಮಾಯ.

೪. ಅಂತ್ಯ ಒಂದು: ಕಿಟಕಿ ಕಿತ್ತು ತೆಗೀತಾನೆ.

"ತೆಗಿಯಲ್ಲ," ಅಂದ ಇವನು, ನನ್ನ ಕಥೆಯೊಳಗಿಂದಲೇ. "ಮೀಸೆಯವನೂ ಮುರಿದುಹೋಗ್ತಾನೆ."

ಅಂತ್ಯ ಎರಡು: ಬೇರೆ ಪೈಲಟ್‌ಗೆ ಮೀಸೆ ಬರೆದು—

"ಯಜಮಾನ್ರೇ, ಬಾಯಿಗೆ ಬಂದಿದ್ದು ಹೇಳ್ಬೇಡಿ. ಅವಳು ಬರ್ತಾಳೋ ಇಲ್ವೋ, ಅದು ಹೇಳಿ."

"ಬರ್ತೀನಿ ಅಂದ್ಲಲ್ಲಪ್ಪ."

"ಅದು ನೀವು ಹೇಳಿಸಿದ್ದು."

ನನ್ನ ಬಾಯೇ ಮುಚ್ಚಿಸ್ಬಿಟ್ಟ ನೋಡಿ. ನನ್ನ ಬಾಯಿ.

೫. ಭಾನುವಾರ. ಎರಡನೇ ಕುರ್ಚಿ ಮೇಲಿದ್ದ ಹಳೇ ಪೇಪರ್ ಎತ್ತಿಟ್ಟಿದ್ದಾನೆ. ವಿಮಾನ ಮೇಜಿನ ಮೇಲಿದೆ, ಬಿಳಿ ಕಿಟಕಿ ಗೋಡೆ ಕಡೆಗೆ. ಬೆಲ್ ಆಯ್ತು.

(ಆಯ್ತು ಅಂದ್ಬಿಟ್ಟೆ. ಆಚೆ ಯಾರು ಅಂತ ನನಗೂ ಗೊತ್ತಿಲ್ಲ. ಗಿರಾಕಿ ಇರ್ಬೋದು.)

ಇವನು ವಿಮಾನನ ಮೆಲ್ಲಗೆ ತಿರುಗಿಸಿ, ಕಿಟಕಿ ಬಾಗಿಲ ಕಡೆಗೆ ಇಟ್ಟ.

"ಬಾಗಿಲು ತೆಗೀಲಾ?" ಅಂತ ನನ್ನ ಕೇಳ್ತಾನೆ.

ತಡಿಯಪ್ಪ. ನಾನು ಮಾತಾಡ್ತಿರೋವರೆಗೂ ಬಾಗಿಲಾಚೆ ನಿನ್ನ ತಂಗಿನೇ ಇರ್ಬೋದು. ನಂದೇನು, ಗಂಟಲಿದೆ, ಮನೇಲಿ ಸಾಕು ಮಾಡಿ ಅನ್ನೋರೂ ಇಲ್ಲ. ಎಲ್ಲಿದ್ದೆ? ಆ ರೆಕ್ಕೆ ವಿಷಯ ಹೇಳ್ಲೇ ಇಲ್ಲ ನಿಮಗೆ. ಆ ರೆಕ್ಕೆ ಇದೆ ನೋಡಿ, ಅದನ್ನ ಮೈಗೆ ಅಂಟಿಸಿರಲ್ಲ, ಕಂಬಗಳ ಮೇಲೆ ಎತ್ತಿ ನಿಲ್ಲಿಸಿರ್ತಾರೆ, ಯಾಕಂದ್ರೆ ಅಲೆ ಬಂದಾಗ