ಮೂರು ಸಲ ತಿಕ್ಕಿದ ಕಣ್ಣು

ಹಲ್ಲಿನ ಸೆಟ್ಟು ಮಾಡುವುದು ನನ್ನ ಕಸುಬು. ಮೂವತ್ತೆಂಟು ವರ್ಷದಲ್ಲಿ ಕಲಿತ ಪಾಠ ಒಂದೇ: ಸೆಟ್ಟು ಚುಚ್ಚಿದರೆ ತಪ್ಪು ಸೆಟ್ಟಿನದು, ಬಾಯಿಯದಲ್ಲ. ಚುಚ್ಚುವ ಕಡೆ ತಿಕ್ಕು, ಪಾಲಿಶ್ ಮಾಡು, ಕಳಿಸು.

ನನ್ನ ಎಡಗಣ್ಣೂ ಆ ಸೆಟ್ಟಿನ ಪ್ಲಾಸ್ಟಿಕ್ಕಿನದೇ. ಒಂಬತ್ತನೇ ವಯಸ್ಸಿನಲ್ಲಿ ತಂತಿ ಚುಚ್ಚಿ ಅಸಲಿ ಕಣ್ಣು ಹೋಯಿತು. ಆ ಗುಳಿಯನ್ನು ಅಮ್ಮನ ನಂತರ ಯಾರಿಗೂ ತೋರಿಸಿರಲಿಲ್ಲ, ಹೆಂಡತಿಗೂ. ಬಚ್ಚಲಿನ ಚಿಲಕ ಹಾಕಿಕೊಂಡೇ ತೊಳೆಯುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಒಮ್ಮೆ, ನನಗಾದರೂ ತೋರಿಸಿ ಅಂದಳು. ನನಗೋ ಮೂಗಿನ ತುದಿಯಲ್ಲೇ ಕೋಪ, ಹಾರಾಡಿಬಿಟ್ಟೆ. ಮತ್ತೆ ಅವಳು ಆ ಮಾತೆತ್ತಲಿಲ್ಲ. ಒಂದೇ ಮಂಚದಲ್ಲಿ ಮಲಗಿಯೂ ಆ ಗುಳಿಯ ಜೊತೆ ನಾನು ಒಬ್ಬನೇ ಇದ್ದೆ.

ಹೋದ ವರ್ಷ ಕಣ್ಣು ಸರಿಯಾಗಿ ಕೂರದಾಯಿತು. ಒತ್ತುತ್ತಿತ್ತು, ನೀರು ಸುರಿಯುತ್ತಿತ್ತು. ಊರವರ ಬಾಯಿ ರಿಪೇರಿ ಮಾಡುವವನಿಗೆ ಬುದ್ಧಿ ಹೇಳುವವರು ಯಾರು? ಮಧ್ಯಾಹ್ನ ಜೊತೆ ಕೆಲಸದವರೆಲ್ಲ ಊಟಕ್ಕೆ ಹೋದಾಗ ಅದನ್ನೇ ಸೆಟ್ಟು ತಿಕ್ಕುವ ಮೆಷಿನ್ನಿಗೆ ಹಿಡಿದು ಅಂಚು ತಿಕ್ಕಿದೆ. ಎರಡು ತಿಂಗಳು ಆರಾಮ. ಮತ್ತೆ ಒತ್ತಿತು, ಮತ್ತೆ ತಿಕ್ಕಿದೆ. ಮೂರನೇ ಸಲ ತಿಕ್ಕಿದ ಮೇಲೆ ಅಂಗಿಯ ಗುಂಡಿಯಷ್ಟು ತೆಳುವಾಯಿತು. ಆದರೂ ಕೂರದೆ ಜಾರಿ ಕೈಗೆ ಬಂತು.

ಆಗ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ದೀಪ ಹಿಡಿದು ಒಳಗೆ ನೋಡಿದರು. ರಕ್ತ ಯಾವಾಗಿನಿಂದ ಬರುತ್ತಿದೆ ಎಂದು ಕೇಳಿದರು. ಬಂದದ್ದೇ ಗೊತ್ತಿಲ್ಲ ಅಂದೆ. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಕಳೆದು, ಕ್ಯಾನ್ಸರ್ ಅಂದರು. ಬಹಳ ವರ್ಷ ಇಂಥ ಕಣ್ಣು ಹಾಕಿಕೊಂಡವರಲ್ಲಿ ಅಪರೂಪಕ್ಕೆ ಹೀಗಾಗುತ್ತದಂತೆ. ಬದಲಾಗಿದ್ದು ಪ್ಲಾಸ್ಟಿಕ್ಕಲ್ಲ, ಒಳಗಿನ ಮಾಂಸ. ನಾನು ತಿಕ್ಕಿ ತಿಕ್ಕಿ ಆ ಗಂಟು ಬೆಳೆಯಲು ಜಾಗ ಮಾಡಿಕೊಟ್ಟಿದ್ದೆ. ಆರು ತಿಂಗಳ ಮುಂಚೆ ಬಂದಿದ್ದರೆ ಚಿಕ್ಕದರಲ್ಲಿ ಮುಗಿಯುತ್ತಿತ್ತು, ಈಗ ರೆಪ್ಪೆ ಸಮೇತ ತೆಗೆಯಬೇಕು, ಆಮೇಲೂ ಜೀವಕ್ಕೆ ಭರವಸೆ ಕೊಡಲಾರೆ ಅಂದರು. ದಿನಾ ಗಾಯ ತೊಳೆಯಲು ಮನೆಯವರು ಒಬ್ಬರು ಬೇಕು, ಕರೆದುಕೊಂಡು ಬನ್ನಿ ಅಂದರು.

ಮನೆಗೆ ಬಂದಾಗ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ಎದುರು ಕೂತು ಎಲ್ಲ ಹೇಳಿದೆ. ಮೊದಲ ಬಾರಿಗೆ ಅವಳ ಮುಂದೆ ಕಣ್ಣು ತೆಗೆದೆ. ಅವಳು ಮುಖ ತಿರುಗಿಸಲಿಲ್ಲ. ತುಂಬ ಹೊತ್ತು ನೋಡಿದಳು. ಆಮೇಲೆ ಮಡಚಿಟ್ಟ ನನ್ನ ದಿಂಬಿನ ಕವರು ಬಿಡಿಸಿ ನನ್ನ ತೊಡೆಯ ಮೇಲೆ ಹಾಕಿದಳು. ನಡುವೆ ತೊಳೆದರೂ ಹೋಗದ ಕಂದು ಕಲೆಗಳಿದ್ದವು.

"ಎಂಟು ತಿಂಗಳಿಂದ ತೊಳೀತಾ ಇದೀನಿ," ಅಂದಳು. "ನೀವು ಕೆಲಸಕ್ಕೆ ಹೋದ್ಮೇಲೆ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಬಯ್ತೀರ ಅಂತ ಸುಮ್ನಿದ್ದೆ."

ಹೌದು, ಬಯ್ಯುತ್ತಿದ್ದೆ.