ಒಬ್ಬಳನ್ನು ಕರೆತರಲು ಹೋದವರು

ಅಂಬುಜಮ್ಮನಿಗೆ ಬೆಳಗಿನಿಂದಲೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ರವಿಕೆಯನ್ನು ಒಳಹೊರಗಾಗಿ ತೊಟ್ಟು ಬೀದಿಗೇ ಬಂದುಬಿಟ್ಟಳು.

"ಮದ್ವೆ ದಿನಾನೂ ಇವ್ಳು ಇಂಗ್ ಕುಣೀಲಿಲ್ಲ," ಎಂದು ಜಗಲಿಯ ಮೇಲಿಂದ ಅತ್ತೆ ದೊಡ್ಡಲಕ್ಷ್ಮಮ್ಮ ಗೊಣಗಿದಳು. "ಯಾರ್ದೋ ಮಗು. ನಾಳಿಕ್ಕೆ ಒಂಟೋಗೋದು. ಅದ್ಕೆ ಯಾಕ್ ಇಷ್ಟು ಸಡಗರ?"

ಅಂಬುಜಮ್ಮ ಮತ್ತು ಸಿದ್ದಯ್ಯನಿಗೆ ಮಕ್ಕಳಾಗಿರಲಿಲ್ಲ. ಹೆತ್ತವರು ನೋಡಿಕೊಳ್ಳಲಾಗದ ಮಕ್ಕಳಿಗೆ ಸ್ವಲ್ಪ ಕಾಲ ಇರಲು ಒಂದು ಮನೆ ಹುಡುಕಿಕೊಡುವ ಸಂಸ್ಥೆ ರಾಮನಗರದಲ್ಲಿತ್ತು. ಅಲ್ಲಿ ಕೆಲಸ ಮಾಡುವ ಬದ್ರುನ್ನೀಸಾ ಸ್ಕೂಟರಿನಲ್ಲಿ ದೊಡ್ಡಆಲಹಳ್ಳಿಗೆ ಹಲವು ಸಲ ಬಂದು ಮನೆ, ಮಂದಿ, ಬಚ್ಚಲು, ಬಾವಿ ಎಲ್ಲ ನೋಡಿಕೊಂಡು ಹೋಗಿದ್ದಳು. ಈಗ ಬರಲಿದ್ದವಳು ಹತ್ತು ವರ್ಷದ ಪಲ್ಲವಿ. ಅವಳ ಅಪ್ಪ ತೀರಿಕೊಂಡಿದ್ದ. ಅಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದಳು.

"ಇದು ದತ್ತು ಅಲ್ಲ ಅಕ್ಕಾ. ಅವರಮ್ಮ ವಾಸಿಯಾದ್ಮೇಲೆ ಕಳಿಸಿಕೊಡಬೇಕು. ಆಗುತ್ತಾ?" ಎಂದು ಬದ್ರುನ್ನೀಸಾ ಕೇಳಿದ್ದಳು.

"ಕಳ್ಸೋಕಾದ್ರೂ ಮೊದ್ಲು ಬರ್ಬೇಕಲ್ಲ ಮೇಡಂ. ಬರ್ಲಿ," ಎಂದಿದ್ದಳು ಅಂಬುಜಮ್ಮ.

ಸಿದ್ದಯ್ಯ ಹಾರೋಹಳ್ಳಿಯ ಕಾರ್ಖಾನೆಗಳಿಗೆ ಲಗೇಜ್ ಆಟೋ ಹೊಡೆಯುತ್ತಿದ್ದ. ಮಾತು ಬಹಳ ಕಡಿಮೆ. ಇವತ್ತು ಆಟೋ ತೊಳೆದು, ಮುಂದಕ್ಕೆ ಚೆಂಡುಹೂವಿನ ಹಾರ ಹಾಕಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ.

ಸಂಸ್ಥೆಯ ವರಾಂಡದಲ್ಲಿ ಪಲ್ಲವಿ ಚೀಲ ತಬ್ಬಿಕೊಂಡು ಕೂತಿದ್ದಳು. ಹಿಂದಿನ ಭೇಟಿಗಳಲ್ಲಿ ಬಾಯಿ ಬಿಡದಿದ್ದ ಹುಡುಗಿ, ಇವರು ಎದುರಿಗೆ ಕೂತದ್ದೇ ತಡ, ಶುರು ಮಾಡಿದಳು.

"ನಿಮ್ಮನೆ ಮಂಚ ಎಷ್ಟು ಅಗಲ ಐತೆ?"

"ಅಗಲವಾಗೇ ಐತೆ ಕಣವ್ವ."

"ನಾನು ಒಸೀನೇ ಜಾಗ ತಕ್ಕೋತೀನಿ. ಮಿಕ್ಕಿದ್ದು ಖಾಲಿ ಇರ್ತದೆ. ಹಸು ಐತಾ?"

"ಎರಡವೆ."

"ಅಂಗಾದ್ರೆ ಹುಲ್ಲು ತರೋಕೆ ಜನ ಬೇಕು."

ಅಂಬುಜಮ್ಮನಿಗೆ ನಗು ಒತ್ತರಿಸಿ ಬಂತು. ತಾವು ಮಗುವನ್ನು ಕರೆದೊಯ್ಯಲು ಬಂದಿದ್ದೇವೋ, ಮಗು ತಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಕಂಬದ ಹಿಂದಿನಿಂದ ಎರಡು ತಲೆಗಳು ಇಣುಕಿದವು. ಪಲ್ಲವಿಯ ತಮ್ಮಂದಿರು, ಅಂಬುಜಮ್ಮ ಇದುವರೆಗೆ ನೋಡಿರದವರು. ಹುಡುಗರ ಹಾಸ್ಟೆಲಿನಿಂದ, ಅಕ್ಕನನ್ನು ಬೀಳ್ಕೊಡಲು ಬಂದಿದ್ದರು. ದೊಡ್ಡವನು ಮಾದೇಶ. ಆರು ವರ್ಷದ ಚಿಕ್ಕವನು, ಮುಂದಿನ ಹಲ್ಲುದುರಿದವನು, ಎದೆಯುಬ್ಬಿಸಿ ತಾತನಿಂದ ಬಂದ ಹೆಸರು ಹೇಳಿದ: "ಚಿಕ್ಕಹನುಮಯ್ಯ."

ಪಲ್ಲವಿ ಇಬ್ಬರನ್ನೂ ತನ್ನ ಪಕ್ಕಕ್ಕೆ ಎಳೆದುಕೊಂಡಳು. "ಇವ್ರೂ ಜಾಸ್ತಿ ಜಾಗ ತಕ್ಕಳಲ್ಲ," ಎಂದಳು.

ಅಂಬುಜಮ್ಮ ಗಂಡನ ಕಡೆ ನೋಡಿದಳು. ಸಿದ್ದಯ್ಯ ಎದ್ದು, ಚಿಕ್ಕವನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಚಿಕ್ಕಹನುಮಯ್ಯನೋರೆ, ಮುದ್ದೆ ಉಣ್ತೀರಾ?"

"ಎರಡು ಉಣ್ತೀನಿ."

"ಮೇಡಂ," ಎಂದ ಸಿದ್ದಯ್ಯ ಬದ್ರುನ್ನೀಸಾಳ ಕಡೆ ತಿರುಗಿ, "ಮೂರ್ ಜನಾನೂ ಕೊಟ್ಬುಡಿ."

ಬದ್ರುನ್ನೀಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮೂವರಿಗೂ ಒಂದೇ ಮನೆ ಸಿಗಲೆಂದು ಆರು ತಿಂಗಳು ಊರೂರು ಅಲೆದು, ಸಿಗದೆ ಸೋತಿದ್ದವಳು ಅವಳು. ಎಲ್ಲರನ್ನೂ ಆಗಲೇ ಮಕ್ಕಳ ಕಲ್ಯಾಣ ಸಮಿತಿಯ ಕಚೇರಿಗೆ ಹೊರಡಿಸಿದಳು.

ಸಮಿತಿಯ ಅಧ್ಯಕ್ಷೆ ಗಂಭೀರ ಹೆಂಗಸು. ಕನ್ನಡಕದ ಮೇಲಿಂದ ನೋಡಿ, "ಒಂದು ಮಗು ಅಂತಿದ್ರಿ. ಮೂರು ಅಂದ್ರೆ ಹುಡುಗಾಟ ಅಲ್ಲ. ಸಂಭಾಳಿಸ್ತೀರಾ?" ಎಂದರು.

ಅಂಬುಜಮ್ಮ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಗಂಟೆ ಟ್ರಿಣ್ ಎಂದಿತು. ಜವಾನ ಓಡಿ ಬಂದ. "ನಾನು ಕರೀಲಿಲ್ಲ," ಎಂದರು ಅಧ್ಯಕ್ಷೆ. ಅವನು ಹೋದ. ಮತ್ತೆ ಟ್ರಿಣ್. ಮತ್ತೆ ಓಡಿ ಬಂದ. ಮೇಜಿನಂಚಿನಲ್ಲಿ ಚಿಕ್ಕಹನುಮಯ್ಯನ ಬೆರಳು ಮಾತ್ರ ಕಾಣುತ್ತಿತ್ತು.

ಅಂಬುಜಮ್ಮನ ಕಟ್ಟೆ ಒಡೆಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ಮೂಗಿನಿಂದ ಬಂತು. ಕಣ್ಣಲ್ಲಿ ನೀರು, ಪಕ್ಕೆಯಲ್ಲಿ ನೋವು. ಕೆಟ್ಟೆ, ಇವಳು ಹುಚ್ಚಿ ಅಂತ ಒಂದು ಮಗುವನ್ನೂ ಕೊಡುವುದಿಲ್ಲ ಎಂದು ಹೆದರಿದಳು. ಹೆದರಿದಷ್ಟೂ ನಗು ಜಾಸ್ತಿಯಾಯಿತು. ಮಾದೇಶ ನಕ್ಕ, ಪಲ್ಲವಿ ನಕ್ಕಳು, ಜವಾನ ಗೋಡೆ ಕಡೆ ತಿರುಗಿ ಹೆಗಲು ಕುಣಿಸಿದ. ಕೊನೆಗೆ ಅಧ್ಯಕ್ಷೆಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮೊದಲು ಒಂದು ತಿಂಗಳು ನೋಡೋಣ. ಬದ್ರುನ್ನೀಸಾ ವಾರ ವಾರ ಬರ್ತಾರೆ," ಎಂದು ಹೇಳಿ ಆದೇಶಕ್ಕೆ ಸಹಿ ಹಾಕಿದರು. ಆಮೇಲೆ ಚಿಕ್ಕವನನ್ನು ಕರೆದು, "ಇನ್ನೊಂದ್ಸಲ ಹೊಡಿ," ಎಂದು ಗಂಟೆಯನ್ನು ಅವನ ಮುಂದಕ್ಕೆ ಸರಿಸಿದರು.

ಲಗೇಜ್ ಆಟೋದಲ್ಲಿ ಮಕ್ಕಳನ್ನು ಹೇರಿಕೊಂಡು ಹೋಗುವಂತಿರಲಿಲ್ಲ. ಅಂಬುಜಮ್ಮ ಮೂವರೊಂದಿಗೆ ಕನಕಪುರದ ಬಸ್ಸು ಹತ್ತಿ ಹಿಂದಿನ ಸೀಟು ಹಿಡಿದಳು. ಸಿದ್ದಯ್ಯ ಖಾಲಿ ಆಟೋದಲ್ಲಿ ಬಸ್ಸಿನ ಬೆನ್ನಿಗೆ ಬಿದ್ದ. ಬಸ್ಸು ನಿಂತಾಗಲೆಲ್ಲ ಹಾರ್ನ್ ಹೊಡೆಯುತ್ತ ಮುಂದೆ ಹೋಗುತ್ತಿದ್ದ, ಬಸ್ಸು ಮತ್ತೆ ಅವನನ್ನು ಹಿಂದೆ ಹಾಕುತ್ತಿತ್ತು.

"ಬುಡ್ಬೇಡಿ ಡ್ರೈವರಣ್ಣ!" ಎಂದು ಮಾದೇಶ ಕೂಗಿದ.

"ಲೇ, ನಮ್ಮ ಆಟೋನೇ ಗೆಲ್ಬೇಕು ಕಣ್ಲಾ!" ಎಂದು ಪಲ್ಲವಿ ಗದರಿದಳು.

'ನಮ್ಮ ಆಟೋ' ಎಂಬುದು ಕಿವಿಗೆ ಬಿದ್ದು ಅಂಬುಜಮ್ಮ ತಾನೂ ಕಿಟಕಿಯಿಂದ ಕೈ ಬೀಸಿದಳು. ಮುಂದಿನ ಸೀಟಿನಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ಕೂತಿದ್ದ ಮುದುಕಿಯೊಬ್ಬಳು, ಏನು ಎತ್ತ ತಿಳಿಯದೆಯೇ, ಸಿದ್ದಯ್ಯನಿಗೆ ಶಿಳ್ಳೆ ಹೊಡೆದಳು. ಮಾತೇ ಆಡದ ತನ್ನ ಗಂಡ ಆಟೋದೊಳಗೆ ಒಬ್ಬನೇ ಹಾಡಿಕೊಳ್ಳುತ್ತಿದ್ದುದನ್ನು ಅಂಬುಜಮ್ಮ ಅಂದೇ ಮೊದಲು ಕಂಡದ್ದು.

ಸಂಜೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದವಳು ದೊಡ್ಡಲಕ್ಷ್ಮಮ್ಮ. ಬೆಳಗ್ಗೆ ಗೊಣಗಿದ್ದ ಬಾಯಿ ತೆರೆದುಕೊಂಡೇ ಇತ್ತು.

"ಲೇ ಸಿದ್ದ, ಒಂದ್ ಮಗು ಅಂದಿದ್ದೆ ಕಣ್ಲಾ?"

"ಮೂರಾಗ್ಬುಡ್ತು ಕಣವ್ವ."

"ಇಷ್ಟು ಹಿಟ್ನಾಗೆ ಮೂರ್ ಮಕ್ಕಳ್ಗೆ ಮುದ್ದೆ ಆದದಾ? ಒಳಗೆ ಬಾರೇ ಅಂಬುಜಿ, ಎಸರಿಡು!" ಎಂದು ಬೈಯುತ್ತಲೇ ಮುದುಕಿ ಮೂವರ ಕೆನ್ನೆಯನ್ನೂ ಸವರಿ ನೆಟಿಕೆ ಮುರಿದಳು.

ಊಟವಾದ ಮೇಲೆ ಬದ್ರುನ್ನೀಸಾ ಹೇಳಿಕೊಟ್ಟಿದ್ದಂತೆ ಅಂಬುಜಮ್ಮ ಆಸ್ಪತ್ರೆಗೆ ಫೋನು ಹಚ್ಚಿದಳು. ಮಕ್ಕಳು ಮೂವರೂ ಒಟ್ಟಿಗೆ ಕಿರುಚಿದರು. ಬಸ್ಸು, ಆಟೋ, ಗಂಟೆ, ಹಸು ಎಲ್ಲ ಕಲಸುಮೇಲೋಗರವಾಯಿತು. ಆ ಕಡೆಯಿಂದ ಕೆಮ್ಮು, ನಡುನಡುವೆ ನಗು.

"ಅಕ್ಕಾ," ಎಂದಿತು ದಣಿದ ದನಿ, "ಮೂರ್ ಜನಾನೂ ಒಂದೇ ಮನೇಲವ್ರಾ?"

"ಹೂಂ ಕಣವ್ವ, ಒಂದೇ ಮನೇಲಿ. ನೀನು ಮಾತ್ರೆ ಬುಡ್ಬೇಡ. ವಾಸಿ ಮಾಡ್ಕೊಂಡು ಇಲ್ಲಿಗೇ ಬಾ, ನಾಕ್ ದಿನ ಇದ್ದು ಆಮೇಲೆ ಕರ್ಕೊಂಡು ಹೋಗು," ಎಂದಳು ಅಂಬುಜಮ್ಮ.

ಅಷ್ಟರಲ್ಲಿ ಚಿಕ್ಕಹನುಮಯ್ಯ ಫೋನು ಕಸಿದುಕೊಂಡು ಕೊಟ್ಟಿಗೆಗೆ ಓಡಿದ. ಅಮ್ಮನ ಜೊತೆ ಹಸುವಿನ ಕೈಲಿ ಮಾತಾಡಿಸಬೇಕಿತ್ತು.